ಅಂಚಿನ ಬರಹ

ಸತ್ಕಿನ್ ಪುಸ್ತಕ ಮಾರುತ್ತಿದ್ದದ್ದು ಅಡುಗೆಮನೆಯ ಮೇಜಿನ ಮೇಲೆ. ಬಿಶ್ಕೆಕ್‌ನ ಹಳೆಯ ಐದಂತಸ್ತಿನ ಕಟ್ಟಡದಲ್ಲಿ ಅವಳದು ಎರಡು ಕೋಣೆಯ ಮನೆ. ಬೆಳಗಿನ ಬಿಸಿಲು ಬೀಳುತ್ತಿದ್ದದ್ದು ಅಡುಗೆಮನೆಗೆ ಮಾತ್ರ, ಫೋಟೊ ತೆಗೆಯಲು ಆ ಬೆಳಕೇ ಬೇಕಿತ್ತು. ಇಪ್ಪತ್ತಮೂರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಅವಳು. ಅಚ್ಚುಕೂಟ ಮುಚ್ಚಿದ ಮೇಲೆ ಇದೇ ಕಸುಬಾಯಿತು. ಊರು ಬಿಡುವವರು, ದೊಡ್ಡ ಮನೆಯಿಂದ ಸಣ್ಣ ಮನೆಗೆ ಹೋಗುವವರು ಹಳೆಯ ಪುಸ್ತಕ, ಬ್ಯಾಡ್ಜು, ಪಿಂಗಾಣಿ ಗೊಂಬೆಗಳನ್ನು ತಂದುಕೊಡುತ್ತಿದ್ದರು. ಅವಳು ಬೆಲೆ ಕಟ್ಟಿ, ಫೋಟೊ ಹಾಕಿ, ಇಂಟರ್ನೆಟ್ಟಿನಲ್ಲಿ ಮಾರಿಕೊಡುತ್ತಿದ್ದಳು.

"ಬೆನ್ನು ಸಡಿಲ. ನೂರಹನ್ನೆರಡನೇ ಪುಟದಲ್ಲಿ ಚಹಾ ಕಲೆ. ಒಂದು ಚಿತ್ರ ಇಲ್ಲ." ಹೀಗೆ ಕುಂದುಗಳನ್ನೆಲ್ಲ ಮೊದಲೇ ಬರೆದುಬಿಡುತ್ತಿದ್ದಳು. ಹಾಗಾಗಿ ಕೊಂಡವರು ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಆದರೂ ತಲೆ ತಿನ್ನುವವರಿಗೇನೂ ಕೊರತೆ ಇರಲಿಲ್ಲ. ಒಬ್ಬಳು ಕೇಳಿದ್ದಳು: "ನಮ್ಮ ಸೋಫಾ ಹಸಿರು. ಮ್ಯಾಚ್ ಆಗೋ ಹಸಿರು ಪುಸ್ತಕ ಒಂದು ಮೀಟರ್ ಸಿಗುತ್ತಾ?" ಸತ್ಕಿನ್ ಉತ್ತರ ಬರೆದಳು: "ಸೋಫಾನೇ ಮಾರಿಬಿಡಿ, ಫೋಟೊ ನಾನು ತೆಗೀತೀನಿ."

ಮಾರ್ಚಿನಲ್ಲಿ ಜಪಾರ್ ಬಂದ. ಎಪ್ಪತ್ತು ದಾಟಿದ ಮನುಷ್ಯ, ದಪ್ಪ ಬೆರಳುಗಳು. ಬೆಟ್ಟದ ಗಿಡಮೂಲಿಕೆಗಳನ್ನು ಹುಡುಕಿ ಹೋಗುವ ವಿಜ್ಞಾನಿಗಳ ತಂಡಕ್ಕೆ ಮೂವತ್ತು ವರ್ಷ ಲಾರಿ ಓಡಿಸಿದವನು. ಆ ತಂಡದಲ್ಲಿದ್ದ ಸಬೀರಾಳನ್ನೇ ಮದುವೆಯಾಗಿದ್ದ. ಸಬೀರಾ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದ ಕಾರ್ಯಕ್ಕೆ ನೆಂಟರು ಬರುತ್ತಾರೆ, ಕೋಣೆ ಖಾಲಿ ಮಾಡಬೇಕು ಎಂದು ಅವಳ ಹನ್ನೆರಡು ಪುಸ್ತಕಗಳನ್ನು ಎರಡು ಚೀಲದಲ್ಲಿ ಹೊತ್ತು ತಂದಿದ್ದ.

"ನಾನು ಒಂದನ್ನೂ ತೆಗೆದು ನೋಡಿಲ್ಲಮ್ಮ. ನನ್ನ ಕೈಲಾಗಲ್ಲ," ಎಂದ. "ನೀನೇ ಒರೆಸಿ, ಕ್ಲೀನ್ ಮಾಡಿ, ಎಷ್ಟಕ್ಕೆ ಹೋಗುತ್ತೋ ಅಷ್ಟಕ್ಕೆ ಹಾಕು."

"ಒಂದಾದ್ರೂ ಇಟ್ಕೊಳ್ಳಿ ಬಾಯ್ಕೆ. ನೆನಪಿಗೆ," ಎಂದಳು ಸತ್ಕಿನ್. ಹಿರಿಯ ಗಂಡಸರನ್ನು ಅಲ್ಲಿ ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುವುದು.

"ನೆನಪಿಗೆ ಪುಸ್ತಕ ಬೇಕೇನಮ್ಮ? ಬೆಳಗ್ಗೆ ಎದ್ರೆ ಎರಡು ಬಟ್ಟಲಿಗೆ ಚಹಾ ಬಗ್ಗಿಸ್ತೀನಿ."

ಹನ್ನೊಂದು ಪುಸ್ತಕಗಳು ಸಾಮಾನ್ಯದವು. ಹನ್ನೆರಡನೆಯದು ಹುಲ್ಲುಗಾವಲಿನ ಗಿಡಗಳ ದೊಡ್ಡ ಸಚಿತ್ರ ಪುಸ್ತಕ, ಅರವತ್ತು ವರ್ಷಕ್ಕೂ ಹಿಂದಿನದು. ಒಂದು ಚಿತ್ರವೂ ಕಳೆದಿರಲಿಲ್ಲ, ಬಣ್ಣ ಮಾಸಿರಲಿಲ್ಲ. ಆದರೆ ಅಂಚಿನ ತುಂಬ ಪೆನ್ಸಿಲ್ ಬರಹ. ಇದ್ದ ಹಾಗೆ ಹಾಕಿದರೆ ಒಂಬತ್ತು ಸಾವಿರ ಸೋಮ್, ಅಂಚು ಬೆಳ್ಳಗಿದ್ದರೆ ಹದಿನಾರಕ್ಕೆ ಮೋಸವಿಲ್ಲ. ಮುದುಕನಿಗೆ ಅಷ್ಟಾದರೂ ಸಿಗಲಿ ಎಂದು ಸತ್ಕಿನ್ ಬಿಳಿ ರಬ್ಬರು, ಮೆತ್ತನೆಯ ಬ್ರಷ್ಷು ಹಿಡಿದು ಕೂತಳು.

ನಾಲ್ಕು ದಿನ ಅಳಿಸಿದಳು. ಕಾಗದದ ನವಿರು ಏಳದಂತೆ, ಚಿತ್ರಕ್ಕೆ ತಾಗದಂತೆ. ಒತ್ತೊತ್ತಾದ ಸಣ್ಣ ಅಕ್ಷರದ ಬರಹ, ಅರ್ಧಂಬರ್ಧ ಪದಗಳು. ಯಾವುದೋ ಜಾಗದ ಹೆಸರು, ಒಂದು ತಾರೀಖು, ಅವಳಿಗೆ ಗೊತ್ತಿಲ್ಲದ ಒಂದು ಶಬ್ದ. ಕರಡು ತಿದ್ದಿ ಪಳಗಿದ ಕಣ್ಣು ಅಕ್ಷರ ನೋಡುತ್ತದೆಯೇ ಹೊರತು ಅರ್ಥದ ಗೊಡವೆಗೆ ಹೋಗುವುದಿಲ್ಲ. ಪರೀಕ್ಷೆಗೆ ಓದುವಾಗ ಗೀಚಿಕೊಂಡದ್ದಿರಬೇಕು ಅಂದುಕೊಂಡಳು. ಮುಗಿದಾಗ ಪುಸ್ತಕ ಅಂಗಡಿಯಿಂದ ಈಗ ತಂದಂತಿತ್ತು. "ಅಂಚು ಸ್ವಚ್ಛ, ಬರಹವಿಲ್ಲ" ಎಂದು ಬರೆದು ಹಾಕಿದಳು. ಬರೆದ ಮಾತು ಸುಳ್ಳೂ ಆಗಿರಲಿಲ್ಲ.

ವರ್ಷದ ಕಾರ್ಯವಾದ ಮರುದಿನ ಮಧ್ಯಾಹ್ನ ಬಾಗಿಲು ದಬದಬ ಬಡಿದ ಸದ್ದಾಯಿತು. ಜಪಾರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಿದ್ದ. ಜೊತೆಯಲ್ಲಿ ಬುರುಲ್ ಎಂಬ ನಲವತ್ತರ ಹೆಂಗಸು. ನರಿನ್‌ನಿಂದ ಕಾರ್ಯಕ್ಕೆ ಬಂದ ಸಬೀರಾಳ ಶಿಷ್ಯೆ.

"ಗಿಡದ ಪುಸ್ತಕ ಮಾರಿಬಿಟ್ಯಾ?"

"ಇಲ್ಲ ಬಾಯ್ಕೆ. ತಾಶ್ಕೆಂಟಿನವನೊಬ್ಬ ವಾರದಿಂದ ಚೌಕಾಸಿ ಮಾಡ್ತಿದ್ದಾನೆ, ನಾನು ಜಗ್ಗಿಲ್ಲ."

ಜಪಾರ್ ಗೋಡೆಗೆ ಒರಗಿ ನಕ್ಕುಬಿಟ್ಟ. "ನೋಡಿದ್ಯಾ ಬುರುಲ್? ದೇವರು ದೊಡ್ಡೋನು. ಮಾರಬೇಡಮ್ಮ, ವಾಪಸ್ ಕೊಡು. ನಿನ್ನ ದುಡಿಮೆ ಏನಿದೆಯೋ ಕೊಡ್ತೀನಿ."

"ದುಡಿಮೆ ಬಿಡಿ, ಬಂದು ನೋಡಿ. ಮದುಮಗಳ ಹಾಗೆ ಮಾಡಿಟ್ಟಿದ್ದೀನಿ," ಎಂದು ಸತ್ಕಿನ್ ಹಿಗ್ಗಿನಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

ಬುರುಲ್ ಹತ್ತು ಪುಟ ತಿರುವಿದಳು. ಮತ್ತೆ ಇಪ್ಪತ್ತು. "ಇದಲ್ಲ ಎಜೆ," ಎಂದಳು; ಅಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ. "ಇದು ಬೇರೆ ಪ್ರತಿ."

"ಇದೇ. ಮೊದಲ ಹಾಳೆಯಲ್ಲಿ ಶಾಯಿಯಲ್ಲಿ ಹೆಸರಿದೆಯಲ್ಲ."

ಬುರುಲ್ ಮೊದಲ ಹಾಳೆ ನೋಡಿದಳು. ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಊರಿದಳು.

"ಸಬೀರಾ ಎಜೆ ಪ್ರತಿ ಬೇಸಿಗೆ ಬೆಟ್ಟದ ಡೇರೆಗಳಿಗೆ ಹೋಗಿ, ಕುರಿ ಕಾಯೋ ಮುದುಕಿಯರನ್ನ ಕೇಳಿ ಕೇಳಿ ಇದರ ಅಂಚಲ್ಲಿ ಬರೆದಿದ್ರು. ಯಾವ ಕಣಿವೆಯಲ್ಲಿ ಯಾವ ಗಿಡಕ್ಕೆ ಏನಂತಾರೆ ಅಂತ. ಯಾವ ಪುಸ್ತಕದಲ್ಲೂ ಇಲ್ಲದ ಹೆಸರುಗಳು. ಇನ್ನೂರರ ಮೇಲಿದ್ವು. ಅಚ್ಚು ಹಾಕಿಸೋಣ ಅಂತ ನಾನು ಬಂದೆ. ಆ ಮುದುಕಿಯರಲ್ಲಿ ಈಗ ಒಬ್ಬರೂ ಇಲ್ಲ."

"ನಾನೇ ಅಳಿಸಿದೆ," ಎಂದಳು ಸತ್ಕಿನ್. "ಒಂದೂ ಬಿಡದೆ."

ಜಪಾರ್ ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಕ್ಲೀನ್ ಮಾಡು ಅಂತ ನಾನೇ ಹೇಳಿದ್ದು," ಎಂದು ಬುರುಲ್‌ಗೆ ಹೇಳಿ ಮೆಟ್ಟಿಲಿಳಿದು ಹೋದ. ಬುರುಲ್ ಅವನ ಹಿಂದೆಯೇ ಹೋದಳು; ಪುಸ್ತಕವೂ ಬಗ್ಗಿಸಿಟ್ಟ ಚಹಾವೂ ಮೇಜಿನ ಮೇಲೇ ಉಳಿದವು.

ಮಾರನೆಯ ಬೆಳಿಗ್ಗೆ ಸತ್ಕಿನ್ ಪುಸ್ತಕವನ್ನು ಕಿಟಕಿಗೆ ಒಯ್ದು ಓರೆಯಾಗಿ ಹಿಡಿದಳು. ಬಿಸಿಲು ಅಡ್ಡಡ್ಡ ಬಿದ್ದಾಗ, ಪೆನ್ಸಿಲ್ ಒತ್ತಿ ಬರೆದ ಕಡೆ ಕಾಗದದಲ್ಲಿ ಸಣ್ಣ ತಗ್ಗು ಕಂಡಿತು. ಒಂದು ಅಕ್ಷರ. ಆಮೇಲೆ ಇನ್ನೊಂದು. ಅವಳು ಮೂವತ್ತು ಬೆಳಗು ಕಿಟಕಿಯ ಬಳಿ ಕೂತಳು, ಮೋಡವಿದ್ದ ದಿನ ಬಿಟ್ಟು. ಬೇರೆ ಮಾರಾಟವೆಲ್ಲ ನಿಂತಿತು. ಸಬೀರಾ ಗಟ್ಟಿಯಾಗಿ ಒತ್ತಿ ಬರೆದದ್ದಷ್ಟೇ ಸಿಕ್ಕಿತು. ಹಗುರವಾಗಿ ಬರೆದದ್ದು ರಬ್ಬರಿನ ಪುಡಿಯ ಜೊತೆ ಕಸದ ಬುಟ್ಟಿಗೆ ಹೋಗಿತ್ತು. ಎಲ್ಲ ಸೇರಿ ನಲವತ್ತಮೂರು ಹೆಸರು. "ಕುರಿಯ ನಿದ್ದೆ." "ಅತ್ತೆಯ ಉಗುರು." "ಹಿಮ ಕರಗುವ ಮೊದಲು." ಈ ಸಲ ಅವಳು ಒಂದೊಂದರ ಅರ್ಥವನ್ನೂ ಓದಿದಳು.

ಜಪಾರ್‌ಗೆ ಫೋನು ಮಾಡಿದಳು. ಬರುವುದಿಲ್ಲ ಅಂದುಕೊಂಡಿದ್ದಳು, ಬಂದ. ಬುರುಲ್ ಪುಸ್ತಕ ಒಯ್ಯಲು ಮರುದಿನ ಬರುವವಳಿದ್ದಳು.

"ಬಾಯ್ಕೆ, ನೀವು ಜೊತೆಗೇ ಇದ್ರಲ್ಲ. ನಿಮಗೆ ಒಂದಷ್ಟು ನೆನಪಿರಬಹುದು." ಅವಳು ಒಂದೊಂದೇ ಚಿತ್ರ ತೋರಿಸಿದಳು.

ನೀಲಿ ಹೂವೊಂದರ ಚಿತ್ರ ಬಂದಾಗ ಅವನು ತಡೆದ. "ಇದು ಗೊತ್ತು. ಕಣಿವೆಯ ತಿರುವಲ್ಲಿ ಲಾರಿ ನಿಲ್ಲಿಸಿದ್ದೆ. ಅವಳು ಮಂಡಿಯೂರಿ ಕೂತು ಕಿತ್ತಳು, ಕೆಂಪು ಸ್ಕಾರ್ಫು. ಹತ್ತಿ ಕೂತು ಹೆಸರು ಹೇಳಿದ್ಲು. ಎರಡು ಸಲ ಹೇಳಿದ್ಲು." ಅವನ ತುಟಿ ಅಲುಗಿತು, ಹೆಸರು ಬರಲಿಲ್ಲ. "ಮೂವತ್ತು ವರ್ಷ ಪಕ್ಕದ ಸೀಟಲ್ಲಿ ಕೂತು ಹೇಳ್ತಾನೇ ಇದ್ಲಮ್ಮ. ನಾನು ರಸ್ತೆ ನೋಡ್ತಿದ್ದೆ."

ಆಮೇಲೆ ಅವನು ಪುಟವನ್ನು ಬೆಳಕಿಗೆ ಹಿಡಿದ. ಕಣ್ಣಿಗೆ ಏನೂ ಕಾಣಲಿಲ್ಲ. ಕೊನೆಗೆ ತೋರುಬೆರಳಿನಿಂದ ಅಂಚನ್ನು ಮೇಲಿನಿಂದ ಕೆಳಗೆ, ಮಲಗಿದ ಮಗುವನ್ನು ಸವರುವ ಹಾಗೆ ಸವರಿದ.

"ಇಲ್ಲೇನೋ ಇದ್ದಂಗಿದೆ. ಇದೆ ಅಲ್ವಾ?"

ಆ ಪುಟವನ್ನು ಸತ್ಕಿನ್ ಆರು ಬೆಳಗು ನೋಡಿದ್ದಳು. ಅಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

"ಇದೆ ಬಾಯ್ಕೆ," ಎಂದಳು.

"ಏನಂತ?"

"ಓದೋಕಾಗ್ತಿಲ್ಲ."

"ಇರಲಿ. ಇದೆಯಲ್ಲ." ಅವನು ಬೆರಳು ತೆಗೆಯಲಿಲ್ಲ. ಸತ್ಕಿನ್ ನಲ್ಲಿಯ ಕಡೆ ತಿರುಗಿ ಕೆಟಲಿಗೆ ನೀರು ತುಂಬಿದಳು. ನಲ್ಲಿಯ ಸದ್ದು ಇರುವಷ್ಟು ಹೊತ್ತು ಅತ್ತಳು. ಅವತ್ತು ಅವನು ಎರಡು ಬಟ್ಟಲು ಚಹಾ ಕುಡಿದು ಹೋದ.

ಬುರುಲ್ ಪುಸ್ತಕವನ್ನೂ ಹೆಸರುಗಳ ಪಟ್ಟಿಯನ್ನೂ ನರಿನ್‌ಗೆ ಒಯ್ದಳು. ಜೂನ್‌ನಲ್ಲಿ ಅವಳಿಂದ ಎರಡು ಸಾಲಿನ ಮೆಸೇಜು ಬಂತು: "ಮುದುಕಿಯರ ಮಕ್ಕಳಿಗೆ ಓದಿ ಹೇಳಿದೆ, ಪಟ್ಟಿಯಲ್ಲಿ ಎರಡು ಹೆಸರು ತಪ್ಪಾಗಿ ಓದಿದ್ದೀರಿ ಎಜೆ. ಉಳಿದ ನಲವತ್ತೊಂದು ಸರಿ ಇವೆ."