ನಿಧಾನಣ್ಣನ ಎದೆಬಡಿತ

ಓಟಗಾರರ ಗುಂಪಿನಲ್ಲಿ ಅವನನ್ನು ಎಲ್ಲರೂ ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಓಟದಲ್ಲಿ ನಿಧಾನ ಅಂತಲ್ಲ. ಐವತ್ತು ದಾಟಿದ ಮೇಲೂ ತನ್ನ ಅರ್ಧ ವಯಸ್ಸಿನವರನ್ನು ಹಿಂದೆ ಹಾಕುತ್ತಿದ್ದ ಆಸಾಮಿ ಅವನು. ನಿಧಾನವಾಗಿದ್ದದ್ದು ಅವನ ನಾಡಿ. ಭಾನುವಾರ ಬೆಳಿಗ್ಗೆ ಓಟ ಶುರುವಾಗುವ ಮುಂಚೆ ಮೈದಾನದ ಮೆಟ್ಟಿಲ ಮೇಲೆ ಕೂತು ಒಬ್ಬರ ನಾಡಿ ಒಬ್ಬರು ಹಿಡಿದು ನೋಡುವುದು ಆ ಗುಂಪಿಗೆ ಅಂಟಿದ್ದ ಚಾಳಿ. ಒಬ್ಬರದು ಅರವತ್ತು, ಇನ್ನೊಬ್ಬರದು ಐವತ್ತೈದು. ಅವನ ಸರದಿ ಬಂದಾಗ ಮಾತ್ರ ಮಣಿಕಟ್ಟು ಹಿಡಿದವರು ಕಣ್ಣು ಮೇಲೆ ಮಾಡಿ, "ಇದೇನಪ್ಪಾ, ಒಂದು ಬಡಿತ ಆದ್ಮೇಲೆ ಇನ್ನೊಂದಕ್ಕೆ ಅರ್ಜಿ ಹಾಕ್ಕೋಬೇಕಾ?" ಎನ್ನುತ್ತಿದ್ದರು. ನಲವತ್ತನ್ನು ಮುಟ್ಟಿದರೆ ಅದೇ ಹೆಚ್ಚು.

ಬಹಳ ಹಿಂದೆ ಒಂದು ಸ್ಪರ್ಧೆಯಲ್ಲಿ ಡಾಕ್ಟರೊಬ್ಬರು ಅವನ ಎದೆಗೆ ಕೊಳವೆ ಇಟ್ಟು ಕೇಳಿ, "ಓಡಿ ಓಡಿ ನಿಮ್ಮ ಹೃದಯ ಬಲಿತಿದೆ. ಒಂದೇ ಸಲಕ್ಕೆ ಬೇಕಾದಷ್ಟು ರಕ್ತ ತಳ್ಳತ್ತೆ, ಅದಕ್ಕೇ ಪದೇ ಪದೇ ಬಡ್ಕೊಳ್ಳೋ ಅಗತ್ಯ ಇಲ್ಲ. ನೂರು ವರ್ಷ ಬಾಳ್ತೀರ ಬಿಡಿ" ಎಂದಿದ್ದರು. ಗೆದ್ದ ಪದಕಗಳೆಲ್ಲ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಕಪ್ಪಾಗುತ್ತಿದ್ದವು. ಈ ಮಾತನ್ನು ಮಾತ್ರ ಅವನು ದಿನಾ ಉಜ್ಜಿ ಹೊಳಪಿಟ್ಟುಕೊಂಡಿದ್ದ.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಳತೆ ಕೊಡಲು ಬಂದವರ ಮುಂದೆ ಗಂಡ ತನ್ನ ನಾಡಿಯ ಪ್ರತಾಪ ಶುರುಮಾಡಿದರೆ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ಮದುವೆಗೆ ಹೂಂ ಅಂದ ದಿನಾನೂ ಇವರ ಎದೆ ಇಷ್ಟೇ ಬಡಿದಿದ್ದು. ನಂದೊಂದೇ ಡವಡವ ಅಂತಿತ್ತು" ಎನ್ನುವಳು. ಬಂದವರು ನಗುವರು. ಅವನೂ ನಗುವನು.

ಅವನ ಕೆಲಸ ಲಿಫ್ಟ್ ರಿಪೇರಿ. ಜೊತೆಗೆ ಕೆಲಸ ಮಾಡುತ್ತಿದ್ದವನು ಹೆಂಡತಿಯ ತಮ್ಮ. ಭಾವ-ಬಾಮೈದ ಇಬ್ಬರೂ ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಕೆಟ್ಟು ನಿಂತ ಲಿಫ್ಟುಗಳ ನೆತ್ತಿಯ ಮೇಲೆ ಹತ್ತಿ, ಗ್ರೀಸು ಬಳಿದ ಹಗ್ಗಗಳ ನಡುವೆ ಟಾರ್ಚು ಹಿಡಿದು ನಿಲ್ಲುವವರು. ಲಿಫ್ಟು ಕೆಟ್ಟಾಗ ಮೇಲಕ್ಕೆ ಹೋಗಲು ಮೆಟ್ಟಿಲೇ ಗತಿ. ಭಾವ ಎರಡೆರಡು ಮೆಟ್ಟಿಲು ದಾಟಿಕೊಂಡು ಹೋಗಿ ಮೇಲೆ ನಿಂತು, "ಬಂದ್ಯೇನೋ, ಇಲ್ಲ ಎತ್ಕೊಂಡು ಬರ್ಲಾ?" ಎಂದು ಕೂಗುವುದು ವರ್ಷಗಟ್ಟಲೆ ನಡೆದಿತ್ತು.

ಆಮೇಲೆ ಆ ಕೂಗು ಕಡಿಮೆಯಾಯಿತು. ಭಾವನೇ ಮೆಟ್ಟಿಲ ನಡುವೆ ನಿಂತು ಶೂ ದಾರ ಕಟ್ಟಿಕೊಳ್ಳತೊಡಗಿದ. ಬಿಚ್ಚದಿದ್ದರೂ ಕಟ್ಟಿಕೊಳ್ಳುತ್ತಿದ್ದ. ಓಟದಲ್ಲೂ ಅಷ್ಟೇ, ಮುಂದಿದ್ದವನು ಮಧ್ಯಕ್ಕೆ ಬಂದ, ಮಧ್ಯದಿಂದ ಹಿಂದಕ್ಕೆ ಸರಿದ. ಒಮ್ಮೆ ಬಿಸಿಲು ಎಂದ, ಒಮ್ಮೆ ಹೊಸ ಶೂ ಎಂದ, ಕೊನೆಗೆ ವಯಸ್ಸು ಎಂದ. ಎದೆಯ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ನಾಡಿ ಮೂವತ್ತಾರಕ್ಕೆ ಇಳಿದಾಗ ಎದೆ ಇನ್ನಷ್ಟು ಬಲಿಯಿತು ಎಂದುಕೊಂಡ.

ಒಂದು ಮಧ್ಯಾಹ್ನ ಬಟ್ಟೆಯಂಗಡಿಯೊಂದರ ಲಿಫ್ಟಿನ ನೆತ್ತಿಯ ಮೇಲೆ ಇಬ್ಬರೂ ನಿಂತಿದ್ದರು. ಅವನು ಬಗ್ಗಿ ಬೋಲ್ಟು ಬಿಗಿದು ಮೇಲೆದ್ದ. ಎದ್ದವನ ಕಣ್ಣಿಗೆ ಕತ್ತಲೆ ಕಟ್ಟಿತು. ಕೈಯಲ್ಲಿದ್ದ ಸ್ಪ್ಯಾನರ್ ಸಂದಿಯಿಂದ ಜಾರಿ ಗೋಡೆಗೆ ಬಡಿಯುತ್ತ ಕೆಳಗೆ ಹೋಯಿತು. ಅದರ ಹಿಂದೆಯೇ ಅವನೂ ಹೋಗುತ್ತಿದ್ದ. ಬಾಮೈದ ಬೆಲ್ಟಿಗೆ ಕೈ ಹಾಕಿ ಎಳೆದು ಕೂರಿಸಿದ.

ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು, "ಸ್ಪ್ಯಾನರ್ ಎಲ್ಲಿ?"

"ಸ್ಪ್ಯಾನರ್ ಹಾಳಾಗಿ ಹೋಗ್ಲಿ ಭಾವ. ನಿಮಗೇನಾಯ್ತು?"

"ಏನಿಲ್ಲ ಕಣೋ. ಬೆಳಿಗ್ಗೆ ಸರಿಯಾಗಿ ತಿಂದಿರ್ಲಿಲ್ಲ. ನಿಮ್ಮಕ್ಕನ ಹತ್ರ ಬಾಯಿ ಬಿಡ್ಬೇಡ."

ಬಾಮೈದ ಆಯಿತು ಎಂದು ತಲೆಯಾಡಿಸಿದ. ಸಂಜೆ ನೆಟ್ಟಗೆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಒದರಿದ.

ಅವಳು ಕೂಗಾಡಲಿಲ್ಲ. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಮುಗಿಸಿ, ದಾರ ಕತ್ತರಿಸಿ, ಯಂತ್ರಕ್ಕೆ ಮುಸುಕು ಹಾಕಿ, "ನಾಳೆ ಆಸ್ಪತ್ರೆಗೆ ಹೋಗ್ತಿದೀವಿ" ಎಂದಳು.

"ಡಾಕ್ಟರು ಇದೇ ಹೇಳ್ತಾರೆ ನೋಡು. ಓಡೋರ ಎದೆ ಹೀಗೇ."

"ಹೇಳ್ಲಿ. ಅವರ ಬಾಯಿಂದಾನೇ ಕೇಳ್ತೀನಿ. ನಿಮ್ಮ ಬಾಯಿಂದ ಕೇಳಿ ಕೇಳಿ ಸಾಕಾಗಿದೆ."

ಹೃದಯದ ಡಾಕ್ಟರಮ್ಮ ಕಡಿಮೆ ಮಾತಿನವರು. ಎಷ್ಟು ವರ್ಷದಿಂದ ಓಡುತ್ತೀರಿ, ಎಷ್ಟು ದೂರ, ತಲೆ ಸುತ್ತುವುದು ಯಾವಾಗಿನಿಂದ ಎಂದೆಲ್ಲ ಕೇಳಿಕೊಂಡು, ಅವನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ಎದೆಯ ತುಂಬ ವೈರುಗಳನ್ನು ಅಂಟಿಸಿದರು. ಅವನಿಗೆ ಇದು ಮನೆಯಂಗಳದ ಆಟ. "ನಿಮ್ಮ ಯಂತ್ರ ಸುಸ್ತಾದ್ರೆ ನನ್ನನ್ನ ಕೇಳ್ಬೇಡಿ ಮೇಡಂ" ಎಂದ.

ಪಟ್ಟಿ ಮೆಲ್ಲಗೆ ಉರುಳಿತು. ಆಮೇಲೆ ಜೋರಾಯಿತು, ಮುಂಭಾಗ ಮೇಲೆದ್ದು ಏರಾಯಿತು. ಅವನ ಕಾಲುಗಳಿಗೆ ಏರು ಹೊಸದಲ್ಲ. ಅವು ತಮ್ಮ ಪಾಡಿಗೆ ಹೆಜ್ಜೆ ಹಾಕಿದವು. ಆದರೆ ಉಸಿರು ಕಟ್ಟಿತು. ತುಟಿ ಒಣಗಿತು. ಪಕ್ಕದ ಪರದೆಯ ಮೇಲಿನ ನಾಡಿಯ ಅಂಕಿ ಐವತ್ತರ ಹತ್ತಿರ ಬಂದು ಅಲ್ಲೇ ಕೂತುಬಿಟ್ಟಿತು. ಡಾಕ್ಟರಮ್ಮ ಅದನ್ನೇ ನೋಡುತ್ತಿದ್ದರು. ಅವನೂ ನೋಡಿದ. ಗೋಡೆಗೆ ಒರಗಿದ್ದ ಹೆಂಡತಿಯೂ ನೋಡಿದಳು. ಪಟ್ಟಿ ನಿಲ್ಲಿಸಿದ ಮೇಲೆ ಅವನು ಕಂಬಿ ಹಿಡಿದು ಬಹಳ ಹೊತ್ತು ಬಗ್ಗಿಕೊಂಡೇ ಇದ್ದ.

ಇಡೀ ದಿನ ಎದೆಗೆ ಅಂಟಿಸಿಕೊಂಡು ಓಡಾಡುವ ಪುಟ್ಟ ಯಂತ್ರವೊಂದನ್ನು ಕೊಟ್ಟು ಕಳಿಸಿ, ಅದರ ವರದಿ ಬಂದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ಓಡೋರ ಎದೆ ಸುಮ್ಮನೆ ಕೂತಾಗ ನಿಧಾನ ಇರತ್ತೆ, ನಿಜ. ಆದ್ರೆ ಕೆಲಸ ಬಿದ್ದಾಗ ಅದು ಎದ್ದು ಓಡ್ಬೇಕು. ನಿಮ್ಮದು ಏಳ್ತಾ ಇಲ್ಲ. ಬಡಿ ಅಂತ ಹೇಳೋ ಜಾಗವೇ ಸೋತಿದೆ. ನಡುನಡುವೆ ನಾಲ್ಕು ಸೆಕೆಂಡ್ ಪೂರ್ತಿ ಸುಮ್ಮನಾಗಿದೆ. ಪೇಸ್‌ಮೇಕರ್ ಹಾಕ್ಬೇಕು."

ಅವನು ಕುರ್ಚಿಯ ಕೈ ಸವರುತ್ತ ಕೂತ. ಸಾವಿನ ಯೋಚನೆ ಬಂದಿದ್ದರೆ ಹೆದರುತ್ತಿದ್ದನೋ ಏನೋ. ಅವನಿಗೆ ಬಂದದ್ದು ಬೇರೆ.

"ಹಾಗಾದ್ರೆ ಮೇಡಂ, ಇಷ್ಟು ವರ್ಷ ಇದ್ದದ್ದೂ ಕಾಯಿಲೇನಾ?"

"ಮೊದಲು ಇದ್ದದ್ದು ಓಟದ್ದೇ ಇರ್ಬೇಕು. ಯಾವತ್ತು ಅದು ಕಾಯಿಲೆಯಾಯ್ತು ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು."

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಮನೆಗೆ ಬಂದು, ಹಾಕಿಸಿಕೊಳ್ಳುವುದಿಲ್ಲ ಎಂದ. ಎರಡು ದಿನ ಅದೇ ಹಟ. ಮೂರನೆಯ ದಿನ ಹೆಂಡತಿ ಅವನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ರೀ, ಒಂದು ಮಾತು ಹೇಳ್ತೀನಿ, ಮಧ್ಯ ಬಾಯಿ ಹಾಕ್ಬೇಡಿ. ಊರಿಗೆಲ್ಲ ಹೇಳ್ಕೊಂಡು ನಕ್ಕಿದ್ದು ಸಾಕು. ನೀವು ಪಕ್ಕದಲ್ಲಿ ಮಲಗಿರ್ತೀರ. ಒಂದು ಬಡಿತ ಕೇಳ್ಸತ್ತೆ. ಇನ್ನೊಂದು ಬರೋವರೆಗೂ ನನ್ನ ಜೀವ ಕೈಲಿ ಇರತ್ತೆ. ಮದುವೆ ಆದಾಗಿನಿಂದ ಇದೇ ಕತೆ. ಇನ್ನು ನನ್ನ ಕೈಲಾಗಲ್ಲ."

"ನೀನು ಯಾವತ್ತೂ ಹೇಳ್ಲಿಲ್ಲ."

"ನೀವು ಅಷ್ಟು ಖುಷಿಯಾಗಿದ್ರಿ. ಏನಂತ ಹೇಳ್ಲಿ?"

ಅವನು ಎದ್ದು ಹೋಗಿ ಆಸ್ಪತ್ರೆಗೆ ಬೇಕಾದ ಬಟ್ಟೆ ಮಡಿಸತೊಡಗಿದ. ಅವನು ಮಡಿಸಿದ್ದು ಅವಳಿಗೆ ಸರಿಬರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದಳು.

ಎಡ ಹೆಗಲ ಕೆಳಗೆ ಚರ್ಮದ ಅಡಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಯಂತ್ರ ಕೂತಿತು. ಅರವತ್ತಕ್ಕಿಂತ ಕೆಳಗೆ ಇಳಿಯಲು ಅದು ಬಿಡುತ್ತಿರಲಿಲ್ಲ. ಮೊದಮೊದಲು ಅವನಿಗೆ ತನ್ನ ಎದೆಯಲ್ಲಿ ಯಾರೋ ಬಾಡಿಗೆಗೆ ಬಂದು ಸೇರಿಕೊಂಡು ಸದ್ದು ಮಾಡುತ್ತಿರುವ ಹಾಗೆ ಅನ್ನಿಸಿ ನಿದ್ದೆ ಹತ್ತಲಿಲ್ಲ. ಹೆಂಡತಿ ಮಾತ್ರ ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆದಳು. ಅವಳು ಗೊರಕೆ ಹೊಡೆಯುತ್ತಾಳೆ ಎನ್ನುವುದು ಅವನಿಗೆ ಆಗಲೇ ಗೊತ್ತಾಗಿದ್ದು.

ಕೆಲಸದಲ್ಲಿ ಅವನನ್ನು ಲಿಫ್ಟಿನ ನೆತ್ತಿಗೆ ಹತ್ತಿಸಲು ಯಾರೂ ಒಪ್ಪಲಿಲ್ಲ. ದೊಡ್ಡ ಮೋಟಾರುಗಳಿಗೆ ಮೈ ತಾಗಿಸಿಕೊಂಡು ನಿಲ್ಲಬಾರದು ಎಂದು ಡಾಕ್ಟರಮ್ಮನೂ ಎಚ್ಚರಿಸಿದ್ದರು. ಅವನನ್ನು ಕಚೇರಿಯಲ್ಲಿ ಫೋನಿನ ಮುಂದೆ ಕೂರಿಸಿದರು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಕರೆ ಮಾಡಿದರೆ ಮಾತಾಡುವುದು, ಹತ್ತಿರ ಇರುವ ಮೆಕ್ಯಾನಿಕ್ಕನ್ನು ಅಟ್ಟುವುದು. ಬೆಳಿಗ್ಗೆ ಬಾಮೈದ ಚೀಲ ಹೆಗಲಿಗೆ ಹಾಕಿಕೊಂಡು ಹೊಸ ಜೊತೆಗಾರನೊಂದಿಗೆ ಹೊರಡುವಾಗ ಅವನು ಫೋನಿನ ವೈರು ಸರಿಮಾಡುವ ನೆವದಲ್ಲಿ ತಲೆ ತಗ್ಗಿಸುತ್ತಿದ್ದ.

ಗಾಯ ಮಾಗಿ, ಡಾಕ್ಟರಮ್ಮ ಓಡಬಹುದು ಎಂದ ಮೇಲೆ ಒಂದು ಭಾನುವಾರ ಮೈದಾನಕ್ಕೆ ಹೋದ. ಗುಂಪಿನವರು ಅವನ ಮುಂದೆ ನಾಡಿಯ ಸುದ್ದಿಯನ್ನೇ ಎತ್ತಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಡ್ರಿಲ್ ಮೇಡಂ. ಅವರ ನಾಡಿಯೂ ನಲವತ್ತೈದರ ಆಸುಪಾಸು. ಅವರು ಅವನನ್ನು ಪಕ್ಕಕ್ಕೆ ಕರೆದರು.

"ನಿಧಾನಣ್ಣ, ನಿಮ್ಮ ಸುದ್ದಿ ಕೇಳಿ ನಾನೂ ಹೋಗಿ ಪಟ್ಟಿ ಹತ್ತಿ ಬಂದೆ. ನಂದು ಏರು ಬಂದ ಕೂಡಲೇ ನೂರೈವತ್ತು ದಾಟ್ತು. ಏನೂ ತೊಂದರೆ ಇಲ್ಲ ಅಂದ್ರು."

"ಒಳ್ಳೇದಾಯ್ತು ಮೇಡಂ" ಎಂದ. ಬಗ್ಗಿ, ಬಿಚ್ಚದ ಶೂ ದಾರವನ್ನು ಮತ್ತೊಮ್ಮೆ ಕಟ್ಟಿಕೊಂಡ.

ಇಬ್ಬರೂ ಜೊತೆಯಲ್ಲೇ ಹೊರಟರು. ಮೊದಲ ಸುತ್ತು ಅವನು ಹೆದರಿ ಹೆದರಿ ಹೆಜ್ಜೆ ಇಟ್ಟ. ಎರಡನೆಯದರಲ್ಲಿ ಎದೆಬಡಿತ ಏರತೊಡಗಿತು. ಯಂತ್ರ ಮೈಯ ಅಲುಗಾಟ ಅರಿತು ಬಡಿತ ಹೆಚ್ಚಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಕೇಳಿದ್ದು ಬೇರೆ, ಮೈಗೆ ಗೊತ್ತಾಗುವುದು ಬೇರೆ. ತೊಡೆಗೆ ರಕ್ತ ಇಳಿಯಿತು, ಉಸಿರು ಹೊಟ್ಟೆಯ ತಳದಿಂದ ಬಂತು. ಕಾಲುಗಳು ಹೀಗಿರುತ್ತಿದ್ದವು ಎನ್ನುವುದೇ ಅವನಿಗೆ ಮರೆತುಹೋಗಿತ್ತು. ವಯಸ್ಸು ಎಂದುಕೊಂಡಿದ್ದರಲ್ಲಿ ಎಷ್ಟು ವಯಸ್ಸು, ಎಷ್ಟು ಕಾಯಿಲೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

"ಮಾತಾಡಿ ನಿಧಾನಣ್ಣ, ಉಸಿರು ಇದೆಯಾ?" ಎಂದರು ಡ್ರಿಲ್ ಮೇಡಂ.

"ಇದೆ. ಸ್ವಲ್ಪ ಜೋರಾಗಿ ಹೋಗೋಣ್ವಾ?"

ಅವರು ಜೋರಾಗಿ ಹೋದರು. ಕೊನೆಯ ತಿರುವಿನಲ್ಲಿ ಮೇಡಂ ಅವನನ್ನು ಹಿಂದೆ ಹಾಕಿದರು. ಅವನು ಬೆವರು ಒರೆಸಿಕೊಂಡು, ಬಾಟಲಿಯ ನೀರು ಕುಡಿದು, ಹತ್ತು ಗಂಟೆಯ ಪಾಳಿಗೆ ಹೊತ್ತಾಯಿತೆಂದು ಎಲ್ಲರಿಗೂ ಹೇಳಿ ಹೊರಟ. ಕಚೇರಿಯಲ್ಲಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಹೆಂಗಸು ಸಿಕ್ಕಿಹಾಕಿಕೊಂಡು ಅಳುತ್ತಿದ್ದಳು.

"ಕೂತ್ಕೊಳ್ಳಿ ತಾಯಿ, ನೆಲದ ಮೇಲೇ ಕೂತ್ಕೊಳ್ಳಿ" ಎಂದ ಅವನು. "ಈಗ ಯಾವ ಮಹಡಿಗೆ ಹೊರಟಿದ್ರಿ, ಅದನ್ನ ಹೇಳಿ."