ಗೌಡರ ಮನೆಯ ನೀಲಿ ಉರಿ

"ಯಾವ ರಂಡಿ ಬಡದಾಳಲೇ ಈ ಕುಳ್ಳು? ಸಗಣಿ ನಿಮ್ಮಪ್ಪಂದೇನ?"

ಗೌಡರು ಬೈಯುತ್ತಿದ್ದಂತೆ ಅವರ ಆಳು ಗುರಣ್ಣ ಕೇರಿಯ ಮುದುಕವ್ವ ಒಲೆಗೆಂದು ಗೋಡೆಗೆ ತಟ್ಟಿದ್ದ ಹಸಿ ಕುಳ್ಳುಗಳನ್ನು ಕಿತ್ತು ಬುಟ್ಟಿಗೆ ತುಂಬಿದ. ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದಾಗಿನಿಂದ ದಾರಿಯ ಮೇಲೆ ಬಿದ್ದ ಸಗಣಿಯೂ ಗೌಡರದೇ. ಬುಟ್ಟಿ ಹೊತ್ತವಳು ಮುದುಕವ್ವನ ಸೊಸೆ ಹೊಳೆವ್ವ. ಗುಂಡಿಗೆ ಹಾಕುವ ಸಗಣಿ ತುಳಿಯುವವಳೂ ಅವಳೇ.

ಹೋಗುವಾಗ ಗುರಣ್ಣ ಗೌಡರ ಕಣ್ಣು ತಪ್ಪಿಸಿ ಎರಡು ಕುಳ್ಳುಗಳನ್ನು ಮುದುಕವ್ವನ ಬಾಗಿಲ ಹಿಂದೆ ಸರಿಸಿಟ್ಟ. ಆಮೇಲೆ ಕೇರಿಯ ಒಲೆಗಳಿಗೆ ಮುಳ್ಳುಕಂಟಿಯೇ ಗತಿಯಾಯಿತು. ಹಳ್ಳದ ದಂಡೆಯ ಜಾಲಿ ಬೋಳಾಯಿತು. ಹೊಗೆಗೆ ಮುದುಕವ್ವನ ಕೆಮ್ಮು ಹಗಲಿರುಳೂ ನಿಲ್ಲಲಿಲ್ಲ.

ಗ್ಯಾಸಿನ ಡ್ರಮ್ಮಿಗೆ ಬಣ್ಣ ಬಳಿಯಲು ವಿಜಾಪುರದಿಂದ ಬಂದ ಯಾಕೂಬ ತನ್ನ ಬುತ್ತಿಯಲ್ಲಿ ಅರ್ಧ ಹೊಳೆವ್ವನಿಗೆ ಕೊಟ್ಟ.

"ಇದಕ್ಕ ಸಗಣಿನ ಬೇಕಂತಿಲ್ಲ ಅಕ್ಕಾ. ಹಳಸಿದ್ದು, ಮುಸುರಿ, ಎಲ್ಲಾ ತಿಂತೈತಿ. ಉರಿ ಇನ್ನೂ ಜೋರ ಬರ್ತೈತಿ."

"ಯಾರ ಮನಿ ಮುಸುರಿ ಆದ್ರೂ ನಡೀತೈತೇನೋ ಯಣ್ಣಾ?"

ಯಾಕೂಬ ನಕ್ಕ. "ಗುಂಡಿಗೆ ಜಾತಿ ಎಲ್ಲೈತಿ?"

ಮರುದಿನದಿಂದ ಹೊಳೆವ್ವ ಕೇರಿಯ ಮನೆಮನೆಯಿಂದ ಒಂದು ಗಡಿಗೆ ತುಂಬಿಸಿಕೊಂಡು ಬರತೊಡಗಿದಳು. ಸಗಣಿಯೊಳಗೆ ಸುರಿದು ತುಳಿದಳು. ಗ್ಯಾಸು ತುಂಬಿ ಗುಂಡಿಯ ಮೇಲಿನ ಡ್ರಮ್ಮು ಎಂದೂ ಏರದಷ್ಟು ಎತ್ತರಕ್ಕೆ ಏರಿತು.

ಎರಡು ತಿಂಗಳಾದ ಮೇಲೆ ಗ್ಯಾಸು ನೋಡಲು ಸರಕಾರದ ಸಾಹೇಬರು ಬಂದರು. ಮಠದ ಅಯ್ಯನವರೂ ಬಂದರು. ಪಡಸಾಲೆಯಲ್ಲಿ ಹೋಳಿಗೆಯ ಊಟ ನಡೆಯಿತು.

"ಕಟ್ಟಿಗಿ ಬ್ಯಾಡ, ಹೊಗಿ ಇಲ್ಲ, ಗಿಡಾನೂ ಉಳದ್ವು," ಎಂದರು ಸಾಹೇಬರು. "ಇಂಥಾ ಉರಿ ನಾ ಟಿಕೋಟಾದಾಗೂ ನೋಡಿಲ್ಲ. ಏನ ಹಾಕ್ತೀರಿ ಗೌಡ್ರ?"

"ನಮ್ಮ ಕೊಟಗಿ ಸಗಣಿ, ಸಾಹೇಬ್ರ. ಶುದ್ಧ! ಹೌದಿಲ್ಲೋ ಲೇ ಹೊಳೆವ್ವಾ?"

ಅಂಗಳದಲ್ಲಿ ನಿಂತಿದ್ದ ಹೊಳೆವ್ವನ ಕಾಲು ಮೊಣಕಾಲಿನವರೆಗೆ ಸಗಣಿಯಾಗಿತ್ತು.

"ಅಲ್ರೀ ಗೌಡ್ರ. ಎರಡ ತಿಂಗಳಾತು, ನಮ್ಮ ಕೇರಿ ಮುಸುರಿ ಹಾಕಾಕತ್ತೇನಿ. ಹಳಸಿದ ಅಂಬಲಿ, ನಾವು ಉಂಡ ಬಿಟ್ಟ ಎಂಜಲ. ಹೋದ ಅಮಾಸಿಗೆ ನಿಮ್ಮ ಎತ್ತು ಸತ್ತಿತ್ತಲ್ರಿ, ಎಳದು ಒಯ್ಯಾಕ ನಮಗ ಹೇಳಿದ್ರಿ. ಅದರ ಬಾಡಿನ ಸಾರೂ ಹಾಕೇನಿ. ಆ ಉರಿ ಮ್ಯಾಲ ಬೆಂದ ಹೋಳಿಗಿನ ಅಯ್ಯಾರ ಬಾಯಾಗ ಐತ್ರಿ."

ಅಯ್ಯನವರ ದವಡೆ ನಿಂತುಬಿಟ್ಟಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಹಾದರಗಿತ್ತಿ! ಹಿಡೀಲೇ ಗುರ್ಯಾ ಆಕೀನ್ನ!" ಗೌಡರು ಒದರಿದರು.

ಗುರಣ್ಣ ತನ್ನ ಕೈ ನೋಡಿಕೊಳ್ಳುತ್ತ ನಿಂತ. ಗೌಡರು ತಾವೇ ಬಡಿಗೆ ಹಿಡಿದು ಮೆಟ್ಟಿಲಿಳಿದರು. ಸಗಣಿ ಸುರಿಯುತ್ತಿದ್ದ ಎರಡು ಕೈ ಚಾಚಿ ಹೊಳೆವ್ವ ಎದುರಿಗೇ ಬಂದಳು.

"ಬರ್ರಿ, ಮುಟ್ರಿ."

ಗೌಡರು ಒಂದು ಮೆಟ್ಟಿಲು ಹಿಂದೆ ಹತ್ತಿದರು.

ಹೊಳೆವ್ವ ಗುಂಡಿಗೆ ಹಾಕಲೆಂದು ತುಂಬಿಟ್ಟಿದ್ದ ಸಗಣಿ ಬುಟ್ಟಿಯನ್ನು ತಲೆಗೇರಿಸಿ ಕೇರಿಯ ಹಾದಿ ಹಿಡಿದಳು. ಮುದುಕವ್ವನ ಬರಿಗೋಡೆಗೆ ಒಂದೊಂದಾಗಿ ಕುಳ್ಳು ಬಡಿದಳು, ಊರಿಗೆಲ್ಲ ಕೇಳುವ ಹಾಗೆ.

ಗೌಡರ ಅಡಿಗೆಮನೆಯಲ್ಲಿ ನೀಲಿ ಉರಿ ಇನ್ನೂ ಉರಿಯುತ್ತಿತ್ತು. ಆರಿಸಲು ಯಾರೂ ಕೈಹಾಕಿರಲಿಲ್ಲ.