ಡೊಳ್ಳು ಕೂತ ಸೀರೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಪುಂಡಲೀಕಪ್ಪನ ಕೈ ಎಂದರೆ ಕೈ. ಹೊಕ್ಕಿನ ಎಳೆ ಹಾಯಿಸಿ, ಅದನ್ನು ಬಡಿದು ಕೂರಿಸುವ ಹಲಗೆ ಎಳೆದನೆಂದರೆ ಪ್ರತಿ ಬಡಿತವೂ ಒಂದೇ ತೂಕ. ಅವನು ನೇಯ್ದ ಸೀರೆಯಲ್ಲಿ ತಪ್ಪು ಹುಡುಕುವುದು ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಅವನಿಗೂ ಸ್ವಲ್ಪ ನೆತ್ತಿಗೇರಿತ್ತು, ಸುಳ್ಳು ಯಾಕೆ ಹೇಳಲಿ.

ಎಂಬತ್ತೈದರ ಯುಗಾದಿಗೆ ಅವನ ಹೆಂಡತಿಯ ತಮ್ಮ ಲಕ್ಷ್ಮಪ್ಪ ಮುಂಬೈಯಿಂದ ಬಂದ. ಬರುವಾಗ ಅಂಗೈಯಷ್ಟು ಟೇಪ್ ರೆಕಾರ್ಡರ್, ತಲೆಗೆ ಹಾಕುವ ಹೆಡ್‌ಫೋನು, ಅವೆರಡರ ನಡುವೆ ವೈರಿನಿಂದ ಜೋಡಿಸುವ ಸೋಪಿನ ಪೆಟ್ಟಿಗೆಯಷ್ಟು ಒಂದು ಡಬ್ಬಿ ತಂದ. ಡಬ್ಬಿಗೆ ಬೇರೆ ಸೆಲ್ಲು, ಪಕ್ಕದಲ್ಲಿ ತಿರುಗಿಸಲು ಒಂದು ಹಲ್ಲಿನ ಗಾಲಿ.

"ಮಾಮಾ, ಟೇಪಿನಾಗ ಡೊಳ್ಳು ತಗಡು ಬಡದಂಗ ಕೇಳ್ತೈತಲ್ಲ, ಈ ಗಾಲಿ ತಿರುವಿದ್ರ ಎದಿಯಾಗ ಬಡೀತೈತಿ ನೋಡ್ರಿ," ಎಂದು ಪುಂಡಲೀಕಪ್ಪನ ತಲೆಗೆ ಹಾಕಿದ.

ಪುಂಡಲೀಕಪ್ಪ ಹೌಹಾರಿ ಹಿಂದೆ ತಿರುಗಿ ನೋಡಿದ, ಡೊಳ್ಳಿನವರು ಬಾಗಿಲಿಗೇ ಬಂದರೇನೋ ಎಂದು. ಮನೆಮಂದಿಯೆಲ್ಲ ನಕ್ಕರು. ಲಕ್ಷ್ಮಪ್ಪ ಮುಂಬೈಗೆ ಮರಳುವಾಗ ಎಲ್ಲವನ್ನೂ ಅಕ್ಕನ ಗಂಡನಿಗೇ ಬಿಟ್ಟುಹೋದ. ಆಮೇಲೆ ಡಬ್ಬಿ ಪುಂಡಲೀಕಪ್ಪನ ಸೊಂಟದ ದಾರಕ್ಕೆ, ಹೆಡ್‌ಫೋನು ತಲೆಗೆ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದರೂ ತೆಗೆಯಲಿಲ್ಲ. ಗಾಲಿಯನ್ನು ಕೊನೆಯವರೆಗೆ ತಿರುಗಿಸಿಟ್ಟು, ಹೆಂಡತಿ ಉಣ್ಣಲು ಕರೆದರೆ ಓಣಿಗೆಲ್ಲ ಕೇಳುವಂತೆ "ಏನಂದೀ?" ಎಂದು ಒದರುತ್ತಿದ್ದ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎಂದು ನಾವು ಚೇಷ್ಟೆ ಮಾಡಿದೆವು. ಅವನಿಗೆ ಅದೂ ಕೇಳಿಸಲಿಲ್ಲ.

ಆಗ ಅವನು ನೇಯುತ್ತಿದ್ದದ್ದು ಮಗಳು ಮಾಳವ್ವನ ಧಾರೆ ಸೀರೆ. ಮಾಳವ್ವ ಸ್ವತಃ ಒಳ್ಳೆಯ ನೇಕಾರ್ತಿ. ಹೆಣ್ಣುಮಕ್ಕಳಿಗೆ ನೂಲು ಸುತ್ತುವ ರಾಟಿ, ಗಂಡಸರಿಗೆ ಮಗ್ಗ ಎನ್ನುವ ಓಣಿಯಲ್ಲಿ ಅವಳು ಹಟ ಹಿಡಿದು ಕಲಿತಿದ್ದಳು. ಶಿರಹಟ್ಟಿಯ ದೇವಪ್ಪ ಅವಳನ್ನು ಸೊಸೆಯಾಗಿ ಕೇಳಿಕೊಂಡು ಬಂದದ್ದೂ ಆ ಸುದ್ದಿ ಕೇಳಿಯೇ, ಅವಳ ನೇಯ್ಗೆಯನ್ನು ಕಣ್ಣಾರೆ ಕಂಡಲ್ಲ. "ಅಕಿ ಸಲುವಾಗಿ ಹೊಸಾ ಮಗ್ಗಕ್ಕ ಕುಣಿ ತೋಡಸೇನ್ರಿ ಬೀಗರ," ಎಂದಿದ್ದ. ಅಂದಿನಿಂದ ಮಾಳವ್ವ ಮದುವೆಗಿಂತ ಹೆಚ್ಚಾಗಿ ಆ ಮಗ್ಗದ ಕನಸು ಕಾಣುತ್ತಿದ್ದಳು.

ನೇಕಾರನಿಗೆ ಕೈಗಿಂತ ಕಿವಿ ಮುಖ್ಯ. ಎಳೆ ಸರಿಯಾಗಿ ಕೂತಿತೋ ಇಲ್ಲವೋ ಹಲಗೆಯ ಸದ್ದೇ ಹೇಳುತ್ತದೆ. ಪುಂಡಲೀಕಪ್ಪನ ಕಿವಿಯಲ್ಲಿ ಡೊಳ್ಳು ತುಂಬಿತ್ತು. ಡೊಳ್ಳು ಜೋರಾದಾಗ ಕೈ ಜೋರಾಯಿತು, ಹಾಡು ಮೆತ್ತಗಾದಾಗ ಕೈಯೂ ಮೆತ್ತಗಾಯಿತು. ನೇಯ್ದದ್ದು ನೇಯ್ದಂತೆ ಮಗ್ಗದ ಉರುಳೆಗೆ ಸುತ್ತಿಕೊಂಡು ಹೋಗುವುದರಿಂದ ಕಣ್ಣಿಗೂ ಬೀಳಲಿಲ್ಲ. ಅದರ ಮೇಲೆ ನಮ್ಮ ಓಣಿಯ ರೂಢಿ ಬೇರೆ: ಧಾರೆ ಸೀರೆಯನ್ನು ಮಗ್ಗದಿಂದ ಕೊಯ್ದ ಕೂಡಲೇ ಮಡಿಸಿ ಅರಿಸಿನ ಕುಂಕುಮ ಹಚ್ಚಿಬಿಡಬೇಕು. ಆಮೇಲೆ ಅದನ್ನು ಬಿಚ್ಚುವವರು ಬೀಗರೇ.

ಮದುವೆಯ ಹಿಂದಿನ ದಿನ ದೇವಪ್ಪ ಬಾಗಿಲ ಬೆಳಕಿಗೆ ಹಿಡಿದು ಸೀರೆ ಬಿಚ್ಚಿದ. ಬಿಚ್ಚುತ್ತ ಬಿಚ್ಚುತ್ತ ಅವನ ಕೈ ನಿಂತಿತು. ಒಂದು ಗೇಣು ಗೋಣಿಚೀಲದಂತೆ ದಟ್ಟ, ಮುಂದಿನ ಗೇಣು ಸೊಳ್ಳೆಪರದೆಯಂತೆ ತೆಳು, ಮತ್ತೆ ದಟ್ಟ, ಮತ್ತೆ ತೆಳು. ಸೆರಗಿನವರೆಗೂ ಹಾಗೇ. ಕೂತವರೆಲ್ಲ ನೇಕಾರರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೆಲ ಬಾಯಿಬಿಟ್ಟಿದ್ದರೆ ಪುಂಡಲೀಕಪ್ಪ ಇಳಿದುಬಿಡುತ್ತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಅವನದು ಡಬ್ಬಿಗೆ ಹೋಗಿತ್ತು.

"ಯಾರ ಕೈರಿ ಇದು?" ಎಂದ ದೇವಪ್ಪ.

ಒಳಬಾಗಿಲಲ್ಲಿ ನಿಂತಿದ್ದ ಮಾಳವ್ವ ಅಪ್ಪನ ಮುಖ ನೋಡಿದಳು. "ನಂದರಿ ಮಾವಾರ. ಅಪ್ಪಗ ಜ್ವರ ಬಂದಿದ್ವು, ನಾನ ನೇಯ್ದೆ," ಎಂದಳು.

"ಹೌದೇನ್ರಿ ಬೀಗರ?"

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಸುತ್ತ ಕೂತವರೆಲ್ಲ ಹತ್ತಾರು ವರ್ಷ ಅವನ ಕೈಯನ್ನು ಹೊಗಳಿದವರು. ಪುಂಡಲೀಕಪ್ಪ ಹೌದೆಂದು ಗೋಣು ಹಾಕಿದ.

"ಇರಲಿ ಬಿಡ್ರಿ. ಹುಡುಗಿ ನಡತಿ ಚಲೋ ಐತಿ, ಅಷ್ಟು ಸಾಕು," ಎಂದು ದೇವಪ್ಪ ಸೀರೆ ಮಡಿಸಿದ. ಮರುದಿನ ಮಾಳವ್ವ ಅದನ್ನೇ ಉಟ್ಟು ಧಾರೆಗೆ ನಿಂತಳು. ಡಬ್ಬಿ, ಹೆಡ್‌ಫೋನು ಎರಡನ್ನೂ ಪುಂಡಲೀಕಪ್ಪ ಅಟ್ಟದ ಮೇಲೆ ಒಗೆದ. ಅದರಿಂದ ಯಾರಿಗೆ ಏನಾಗಬೇಕು?

ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಶಿರಹಟ್ಟಿಗೆ ಹೋದ. ದೇವಪ್ಪನ ಪಡಸಾಲೆಯಲ್ಲಿ ಅಳಿಯ ಮಗ್ಗದಲ್ಲಿದ್ದ. ಮಾಳವ್ವ ಮೂಲೆಯಲ್ಲಿ ರಾಟಿ ಹಿಡಿದು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳಿಗಾಗಿ ತೋಡಿಸಿದ ಕುಣಿಯ ಮೇಲೆ ಹಲಗೆ ಮುಚ್ಚಿ ಜೋಳದ ಚೀಲ ಒಟ್ಟಿದ್ದರು.

ಪುಂಡಲೀಕಪ್ಪನ ಕಣ್ಣು ಅತ್ತ ಹೋದದ್ದನ್ನು ದೇವಪ್ಪ ನೋಡಿದ. "ನಾವು ಕಲಸ್ತೇವಿ ಕೂಡವ್ವಾ ಅಂದ್ವಿರಿ. ಅಕಿನ ಒಲ್ಲೆ ಅಂದಳು. ಮಗ್ಗ ಮುಟ್ಟಿದ್ರ ಕೈ ನಡಗತಾವಂತ."

ಪುಂಡಲೀಕಪ್ಪನಿಗೆ ತಕ್ಷಣ ತಿಳಿಯಿತು. ಅವಳು ಒಂದು ಗೇಣು ನೇಯ್ದರೆ ಸಾಕು, ಆ ಸೀರೆ ಅವಳದ್ದಲ್ಲವೆಂದು ಈ ಮನೆಗೆ ಗೊತ್ತಾಗುತ್ತಿತ್ತು. ಅಪ್ಪನ ಸುಳ್ಳು ಕಾಯಲು ಮಗಳು ಮಗ್ಗವನ್ನೇ ಬಿಟ್ಟಿದ್ದಳು.

"ಬೀಗರ, ಆ ಸೀರಿ ಅಕಿ ನೇಯ್ದದ್ದಲ್ಲ. ನಾ ನೇಯ್ದದ್ದು. ಕಿವಿಗೆ ಹಾಡು ಹಚ್ಚಿಕೊಂಡು ಕೆಡಿಸಿದೆ," ಎಂದ.

ದೇವಪ್ಪ ನಕ್ಕುಬಿಟ್ಟ. "ಮಗಳ ಸಲುವಾಗಿ ಯಾವ ಅಪ್ಪ ಹಿಂಗ ಅನ್ನೂದಿಲ್ಲ? ನಿಮ್ಮ ಕೈ ನಮಗ ಗೊತ್ತಿಲ್ಲೇನ್ರಿ?"

ಖರೆ ಎಂದು ಆಣೆ ಮಾಡಿದರೂ ದೇವಪ್ಪ ತಲೆಯಾಡಿಸಿದ. ಪುಂಡಲೀಕಪ್ಪ ಮಗಳ ಕಡೆ ತಿರುಗಿದ. "ಮಗ್ಗಕ್ಕ ಕೂಡವ್ವಾ."

"ಬ್ಯಾಡ ಅಪ್ಪಾ."

"ಕೂಡು. ನನ್ನ ಎದುರಿಗೇ ಕೂಡು."

ಅಳಿಯ ಎದ್ದು ಜಾಗ ಬಿಟ್ಟ. ಮಾಳವ್ವ ಕುಣಿಗೆ ಇಳಿದು ಎಳೆಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಆಮೇಲೆ ಲಾಳಿ ಹಾಯಿತು, ಹಲಗೆ ಬಿತ್ತು. ಮತ್ತೆ ಹಾಯಿತು, ಮತ್ತೆ ಬಿತ್ತು. ಎಲ್ಲವೂ ಒಂದೇ ತೂಕ. ದೇವಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ಎದ್ದು ಬಂದು ಹೊಸ ಬಟ್ಟೆಯ ಮೇಲೆ ಹೆಬ್ಬೆರಳು ಎಳೆದು ನೋಡಿದ.

"ನಾಳೇನ ಆ ಚೀಲ ತಗಸ್ತೇನವ್ವಾ," ಎಂದು ಸೊಸೆಗೆ ಹೇಳಿದ. ಬೀಗನತ್ತ ನೋಡದೆ ಒಳಗೆ ನಡೆದ. ಬೈದಿದ್ದರೆ ಪುಂಡಲೀಕಪ್ಪನಿಗೆ ಹಗುರಾಗುತ್ತಿತ್ತು.

ಬೆಟಗೇರಿಯ ಬಸ್ಸಿನ ಹೊತ್ತಾಯಿತು. ಮಾಳವ್ವ ಕೈ ನಿಲ್ಲಿಸಲಿಲ್ಲ. ಹಸಿದವರು ಉಣ್ಣುವ ಹಾಗೆ ನೇಯುತ್ತಿದ್ದಳು. ಸಾಕು ಏಳವ್ವಾ ಎನ್ನುವ ಮುಖ ಅಪ್ಪನಿಗೆ ಇರಲಿಲ್ಲ.